ನೂರೊಂದನೇ ಚಾನೆಲ್ಲಿನ ಮಗು

ಒಂದಾನೊಂದು ಊರಿನಲ್ಲಿ ಒಂದು ನಾಟಕ ಶುರುವಾಯಿತು. ಶುರುವಾದದ್ದು ಮುಗಿಯಲೇ ಇಲ್ಲ.

ಯಾಕೆ ಮುಗಿಯಲಿಲ್ಲ ಅಂತೀರಾ? ತಡೀರಿ, ಹೇಳ್ತೀನಿ. ಬೆಂಕಿಗೆ ಬೆನ್ನು ಮಾಡಿ ಕೂರಬೇಡಿ, ಬೆನ್ನಿಗೆ ಕತೆ ಕೇಳಿಸಲ್ಲ. ಆ ನಾಟಕದಲ್ಲಿ ಪಾತ್ರ ಜಾಸ್ತಿ, ನಟರು ಕಮ್ಮಿ. ರಾಜನ ಪಾತ್ರಕ್ಕೆ ಆ ಊರಿನ ರಾಜನೇ ಬಂದ. ಸೈನಿಕರು ಸಾಲದೆ ಹೋದಾಗ ಮುಂದಿನ ಸಾಲಿನಲ್ಲಿ ಕೂತವರನ್ನು ಮೇಲೆ ಹತ್ತಿಸಿದರು. ಪ್ರಜೆಗಳು ಸಾಲದೆ ಹೋದಾಗ ಹಿಂದಿನ ಸಾಲಿನವರನ್ನೂ ಹತ್ತಿಸಿದರು. ಕೊನೆಗೆ ಗೇಟಿನಲ್ಲಿ ಟಿಕೆಟ್ ಹರಿಯುತ್ತಿದ್ದವನೂ ಋಷಿಯ ಪಾತ್ರ ಖಾಲಿ ಇದೆ ಅಂತ ಗಡ್ಡ ಅಂಟಿಸಿಕೊಂಡು ಹತ್ತಿಬಿಟ್ಟ. ನೋಡೋಕೆ ಒಬ್ಬರೂ ಉಳಿಯಲಿಲ್ಲ. ನೋಡುವವರೇ ಇಲ್ಲದ ಮೇಲೆ ಚಪ್ಪಾಳೆ ಎಲ್ಲಿಂದ ಬರಬೇಕು? ಚಪ್ಪಾಳೆ ಬೀಳದೆ ಪರದೆ ಬೀಳುವ ಹಾಗಿಲ್ಲ, ಅದು ಕಂಪನಿಯ ನಿಯಮ. ಹಾಗಾಗಿ ನಾಟಕ ನಡೆದೇ ನಡೆಯಿತು. ಜನ ಅಲ್ಲೇ ಅಡುಗೆ ಮಾಡಿದರು, ಅಲ್ಲೇ ಮದುವೆಯಾದರು, ಅಲ್ಲೇ ಮಕ್ಕಳನ್ನು ಹೆತ್ತರು. ಮೇಲೆ ಕರಿ ಟೆಂಟು, ಕೆಳಗೆ ಹಲಗೆ. ಅದಕ್ಕೆ ಹಲಗೆಪುರ ಅಂತ ಹೆಸರಾಯಿತು. ಒಬ್ಬರು ಹೋದರೆ ಇನ್ನೊಬ್ಬರು ಹುಟ್ಟುತ್ತಿದ್ದರು, ತಲೆ ಎಣಿಸಿದರೆ ಯಾವಾಗಲೂ ಸರಿಯಾಗಿ ನೂರು. ಟೆಂಟಿನ ಆಚೆ ಏನಿತ್ತು ಅಂತ ಕೇಳಬೇಡಿ. ಅವರು ಹೋಗಿ ನೋಡಲಿಲ್ಲ, ನಾನೂ ಹೋಗಿಲ್ಲ.

ಕರಿ ಟೆಂಟಿನ ಒಳಗೆ ಕತ್ತಲು ಅಂದರೆ ಎಂಥ ಕತ್ತಲು! ನಮ್ಮ ಕೈ ನಮಗೇ ಕಾಣದು. ಬಾಯಿಗೆ ಹೋದದ್ದು ನಮ್ಮ ತುತ್ತೋ ಪಕ್ಕದವರ ತುತ್ತೋ ತಿಳಿಯದು. ಅದಕ್ಕೇ ಊರಿನವರ ಎಡಗಿವಿಗೆಲ್ಲಾ ಒಂದೊಂದು ತಂತಿ ಕಟ್ಟಿದ್ದರು. ತಂತಿಯ ಇನ್ನೊಂದು ತುದಿ ಡಿಮ್ಮರಪ್ಪನ ಹತ್ತಿರ.

ಡಿಮ್ಮರಪ್ಪ ಯಾರು? ಮನುಷ್ಯನಲ್ಲ, ದೆವ್ವವೂ ಅಲ್ಲ. ಒಂದು ಸಾಫ್ಟ್‌ವೇರು. ಹಳೇ ಕಂಪ್ಯೂಟರಿನೊಳಗೆ ವಾಸ. ನಾಟಕದಲ್ಲಿ ಯಾವ ದೀಪ ಎಷ್ಟು ಉರಿಯಬೇಕು ಅಂತ ನೋಡಿಕೊಳ್ಳೋದಕ್ಕೇ ಹುಟ್ಟಿದವನು. ದೀಪಗಳೆಲ್ಲಾ ಸುಟ್ಟುಹೋದ ಮೇಲೆ ಜನರನ್ನೇ ಉರಿಸುತ್ತಿದ್ದ. ಅವನ ಕಂಪ್ಯೂಟರಿನ ಪರದೆಯ ಮೇಲೆ ನೂರು ಗೆರೆ, ಒಂದೊಂದು ಗೆರೆಯ ಮೇಲೂ ಒಂದೊಂದು ಗುಂಡಿ. ಆ ಗೆರೆಗೆ ಚಾನೆಲ್ ಅನ್ನುತ್ತಾರೆ. ಒಬ್ಬ ಮನುಷ್ಯನಿಗೆ ಒಂದು ಚಾನೆಲ್. ಗುಂಡಿ ಮೇಲೆ ತಳ್ಳಿದರೆ ಆ ಮನುಷ್ಯ ಬಲ್ಬಿನ ಹಾಗೆ ಹೊಳೆಯುತ್ತಾನೆ. ಕೆಳಗೆ ಎಳೆದರೆ ಮಂಕಾಗುತ್ತಾನೆ. ಪೂರಾ ಕೆಳಗೆ ಎಳೆದರೆ ಸೊನ್ನೆ. ಇದ್ದರೂ ಇಲ್ಲದ ಹಾಗೆ.

ಡಿಮ್ಮರಪ್ಪನಿಗೆ ಒಂದು ಚಾಳಿ ಇತ್ತು. ಏನು ಹೇಳಿದರೂ ಒಂದು ಸಲ ತಿರುಗಿ ಕೇಳುತ್ತಿದ್ದ.

"ನಿಜಕ್ಕೂನಾ? ಹೌದಾ, ಬೇಡ್ವಾ?"

ಉತ್ತರ ಕೊಡುವ ತನಕ ಮುಂದಕ್ಕೆ ಹೋಗುತ್ತಿರಲಿಲ್ಲ. ಎಮ್ಮೆ ದಾರಿಗಡ್ಡ ನಿಂತ ಹಾಗೆ ನಿಂತುಬಿಡುತ್ತಿದ್ದ. ಅವನಿಗೆ ಉತ್ತರ ಕೊಡುವ ಕೆಲಸ ಸಿಂಗಾರಮ್ಮನದು. ಹೆಸರಿಗೆ ಸಿಂಗಾರಮ್ಮ, ಆದರೆ ಅವಳ ಸಿಂಗಾರವನ್ನು ಕಂಡವರಿಲ್ಲ. ಬೆಳಕು ನಡೆಸುವವರು ಯಾವಾಗಲೂ ಹಿಂದುಗಡೆ, ಕತ್ತಲಲ್ಲೇ ಕೂರಬೇಕಲ್ಲ. ಅವಳ ಅವ್ವನೂ ಅದೇ ಸ್ಟೂಲಿನ ಮೇಲೆ ಕೂತಿದ್ದಳು, ಇವಳೂ ಅದೇ ಸ್ಟೂಲಿನ ಮೇಲೆ. ಕನ್ನಡಕದ ಒಂದು ಕಡ್ಡಿ ಮುರಿದು ದಾರ ಕಟ್ಟಿಕೊಂಡಿದ್ದಳು. ಬೆರಳು ಮಾತ್ರ ಬೆಣ್ಣೆಯಂಥದ್ದು. ಅವಳು ಗುಂಡಿ ಸರಿಸಿದರೆ ಬೆಳಕು ಏರಿದ್ದು ಏರಿಸಿಕೊಂಡವನಿಗೂ ಗೊತ್ತಾಗುತ್ತಿರಲಿಲ್ಲ.

ಆ ಊರಿನ ರಾಜ ಉಬ್ಬರಸ. ನಾಟಕ ಶುರು ಮಾಡಿದ ರಾಜನ ಮೊಮ್ಮಗ. ಯುದ್ಧ ಬೇಡ, ಬೇಟೆ ಬೇಡ, ಒಬ್ಬಟ್ಟೂ ಬೇಡ. ಅವನಿಗೆ ಒಂದೇ ಚಿಂತೆ. ನಾನೆಷ್ಟು ಹೊಳೀತಿದ್ದೀನಿ?

ಒಂದು ದಿನ ಬೆಳಿಗ್ಗೆ ಎದ್ದವನೇ ಕೂಗಿದ. "ಸಿಂಗಾರಮ್ಮಾ, ನಾನೀಗ ಎಷ್ಟು?"

"ನೂರು, ಬುದ್ಧಿ."

"ಭೇಷ್. ಮಿಕ್ಕವರು?"

"ಅವರೂ ನೂರೇ, ಬುದ್ಧಿ. ಹಿಂದೆ ಕತ್ತಲಲ್ಲಿ ಕೂರೋ ನನ್ನೊಬ್ಬಳನ್ನ ಬಿಟ್ಟು, ನಮ್ಮವ್ವನ ಕಾಲದಿಂದ ಎಲ್ಲರಿಗೂ ನೂರೇ."

ರಾಜ ಹಾಸಿಗೆಯಿಂದ ಧೊಪ್ಪನೆ ಬಿದ್ದ. "ಎಲಾ! ನನ್ನಷ್ಟೇ ಹೊಳೆಯುವ ಜನರನ್ನ ಆಳೋಕೆ ನನಗೇನು ತಲೆ ಕೆಟ್ಟಿದೆಯಾ? ಇವತ್ತಿನಿಂದ ಒಬ್ಬರ ಮಟ್ಟ ಇನ್ನೊಬ್ಬರಿಗೆ ಇರಕೂಡದು. ನಾನು ನೂರು. ಮಂತ್ರಿ ಅಣ್ಣಾಜಪ್ಪ ತೊಂಬತ್ತೊಂಬತ್ತು. ಹಾಗೇ ಇಳೀತಾ ಹೋಗಿ."

ಅಬ್ಬಬ್ಬಾ, ಶುರುವಾಯಿತು ನೋಡಿ ಜಗಳ! ಅರವತ್ತಮೂರು ನನಗೆ ಬೇಕು ಅಂತ ಕ್ಷೌರದವನು, ನನಗೇ ಬೇಕು ಅಂತ ಮದ್ದಳೆಯವನು. ಅವಳಿಜವಳಿ ಅಣ್ಣತಮ್ಮಂದಿರಲ್ಲಿ ಒಬ್ಬ ನಲವತ್ತೆಂಟಾದ, ಇನ್ನೊಬ್ಬ ನಲವತ್ತೇಳಾದ. ನಲವತ್ತೆಂಟರವನು ನಲವತ್ತೇಳರವನ ಪಂಕ್ತಿಯಲ್ಲಿ ಊಟಕ್ಕೆ ಕೂರೋದೇ ಬಿಟ್ಟ. ಮೂರು ತಿಂಗಳು ಹಂಚಿ ಹಂಚಿ ಕೊನೆಗೆ ಎರಡು ಮತ್ತು ಒಂದು ಉಳಿದವು. ಎರಡನ್ನು ಸಿಂಗಾರಮ್ಮ ತನ್ನ ಮಗಳು ಸುಗುಣಿಗೆ ಕೊಟ್ಟಳು. ಒಂದನ್ನು ತಾನು ಇಟ್ಟುಕೊಂಡಳು. ಒಂದು ಅಂದರೆ ಎಷ್ಟು ಬೆಳಕು ಗೊತ್ತಾ? ಮಿಂಚುಹುಳಕ್ಕೆ ನೆಗಡಿಯಾದಾಗ ಎಷ್ಟು ಹೊಳೆಯುತ್ತೋ ಅಷ್ಟು.

ರಾಜನಿಗೆ ಸಮಾಧಾನವಾಯಿತಾ? ಎಲ್ಲಿಯ ಸಮಾಧಾನ! ಎಂಟು ದಿನಕ್ಕೆ ಇನ್ನೊಂದು ಕಂಡುಹಿಡಿದ.

"ಅಣ್ಣಾಜಪ್ಪಾ, ನಿನ್ನ ಎಡಗೆನ್ನೆ ತೊಂಬತ್ತೊಂಬತ್ತಕ್ಕಿಂತ ಜಾಸ್ತಿ ಹೊಳೀತಿದೆ."

"ಅದು ತಮ್ಮ ಬೆಳಕೇ, ಮಹಾಸ್ವಾಮಿ. ಪಕ್ಕದಲ್ಲಿ ಕೂತಿದ್ದೀನಲ್ಲ, ಸೋರಿ ಬಂತು."

"ಕಳ್ಳ! ನನ್ನ ಬೆಳಕನ್ನ ನನ್ನೆದುರೇ ಕೆನ್ನೆಗೆ ಬಳ್ಕೊಂಡಿದ್ದೀಯಾ?"

ಅವತ್ತೇ ಡಂಗುರ. ಎಲ್ಲರೂ ಕುತ್ತಿಗೆಗೆ ತಗಡಿನ ರೆಕ್ಕೆ ಕಟ್ಟಿಕೊಳ್ಳಬೇಕು, ಎಡಕ್ಕೊಂದು, ಬಲಕ್ಕೊಂದು, ಮುಂದಕ್ಕೊಂದು. ಹಳೇ ನಾಟಕದ ದೀಪಗಳಿಗೆ ಹಾಗೇ ಕಟ್ಟುತ್ತಿದ್ದರಂತೆ, ಬೆಳಕು ಬೇಕಾದ ಕಡೆಗಷ್ಟೇ ಹೋಗಲಿ ಅಂತ. ಒಬ್ಬರ ಬೆಳಕು ಇನ್ನೊಬ್ಬರ ಮೇಲೆ ಸೋರಿದರೆ, ಸೋರಿದವರು ಎಂಟು ದಿನ ಸೊನ್ನೆ. ಯಾರು ಸೋರಿದರೂ ಸರಿ, ಡಿಮ್ಮರಪ್ಪ ತಕ್ಷಣ ಹಿಡಿದು ಕೇಳಬೇಕು. ಸಿಂಗಾರಮ್ಮ ಹೌದು ಅನ್ನಬೇಕು. ಡಿಮ್ಮರಪ್ಪ ಏನೇ ಕೇಳಲಿ, ಬೇಡ ಅನ್ನಬೇಕಾದರೆ ರಾಜನ ಅಪ್ಪಣೆ ಬೇಕು.

ಆಮೇಲಿನ ಪಾಡು ಕೇಳಬೇಡಿ. ಗಂಡ ಹೆಂಡತಿ ಮಾತಾಡಿದರೆ ಕಿಟಕಿಯೊಳಗಿಂದ ಮಾತಾಡಿದ ಹಾಗೆ. ತಬ್ಬಿಕೊಳ್ಳೋಕೆ ಹೋದರೆ ಟಣ್ ಅಂತ ಸದ್ದು, ಊರಿಗೆಲ್ಲಾ ಸುದ್ದಿ. ಕುಣಿತದ ಮೇಷ್ಟ್ರು ಒಮ್ಮೆ ಜೋರಾಗಿ ಸೀನಿದರು, ತಗಡು ಸರಿಯಿತು, ಬೆಳಕು ಹೆಂಡತಿಯ ಮೇಲೆ ಸೋರಿತು. ಎಂಟು ದಿನ ಮೇಷ್ಟ್ರು ಸೊನ್ನೆ. ಮದುವೆಯಾದಾಗಿನಿಂದ ಇಷ್ಟು ನೆಮ್ಮದಿಯಾಗಿ ಇದ್ದದ್ದು ಆ ಎಂಟು ದಿನವೇ ಅಂತ ಅವರ ಹೆಂಡತಿ ಹೇಳಿದರಂತೆ. ಹೋಗಲಿ, ನಮಗ್ಯಾಕೆ ಇನ್ನೊಬ್ಬರ ಮನೆ ಮಾತು.

ಇಷ್ಟರಲ್ಲಿ ಸಿಂಗಾರಮ್ಮನ ಮಗಳು ಸುಗುಣಿ ಹೆತ್ತಳು. ಹೆಣ್ಣು ಮಗು. ಊರಲ್ಲಿ ಆಗ ಯಾರೂ ಹೋಗಿರಲಿಲ್ಲ. ಎಲ್ಲರೂ ಗುಂಡುಕಲ್ಲಿನ ಹಾಗಿದ್ದರು. ತಲೆ ಎಣಿಸಿದರೆ ನೂರಾ ಒಂದು!

ಸಿಂಗಾರಮ್ಮ ಮೊಮ್ಮಗಳ ಕಿವಿಗೆ ತಂತಿ ಕಟ್ಟಿ ಓಡೋಡಿ ಬಂದು ಸ್ಟೂಲಿನ ಮೇಲೆ ಕೂತಳು. "ಡಿಮ್ಮರಪ್ಪಾ, ನೂರೊಂದನೇ ಚಾನೆಲ್ ತೆಗಿ. ಮಗು ಬಂದಿದೆ."

"ತೆಗೆದೆ. ಮಟ್ಟ ಎಷ್ಟು?"

"ಉಳಿದಿರೋದರಲ್ಲಿ ಯಾವುದಾದರೂ ಕೊಡಪ್ಪ."

"ಒಂದರಿಂದ ನೂರರವರೆಗೆ ಎಲ್ಲಾ ಹೋಗಿದೆ, ಸಿಂಗಾರಮ್ನೋರೇ. ಸೊನ್ನೆ ಇದೆ. ಕೊಡ್ಲಾ? ನಿಜಕ್ಕೂನಾ?"

ಬೇರೆ ದಾರಿ ಇರಲಿಲ್ಲ. ಮಗು ಸೊನ್ನೆಯಾಯಿತು. ಅಳು ಕೇಳಿಸುತ್ತಿತ್ತು, ಮಗು ಕಾಣಿಸುತ್ತಿರಲಿಲ್ಲ. ಸುಗುಣಿ ತಡಕಿ ತಡಕಿ ಹಾಲು ಕೊಟ್ಟಳು. ಎರಡು ಸಲ ದಿಂಬಿಗೆ ಕೊಟ್ಟಳು. ಪಕ್ಕದ ಮನೆಯವರು ಬಂದು, "ದೃಷ್ಟಿ ಬೊಟ್ಟು ಇಡ್ರಮ್ಮಾ, ಕಣ್ಣು ಬಿದ್ದೀತು," ಅಂದರು. ಸುಗುಣಿ ಗೋಳೋ ಅಂತ ಅತ್ತಳು. "ಹೆತ್ತ ನನ್ನ ಕಣ್ಣಿಗೇ ಬಿದ್ದಿಲ್ಲ, ಇನ್ಯಾರ ಕಣ್ಣು ಬೀಳುತ್ತೆ!"

ಸಿಂಗಾರಮ್ಮನ ಹೊಟ್ಟೆಗೆ ಬೆಂಕಿ ಬಿದ್ದದ್ದು ಮಾತ್ರ ಇನ್ನೊಂದು ಕಾರಣಕ್ಕೆ. ಅದು ಮಗಳಿಗೆ ಗೊತ್ತಿರಲಿಲ್ಲ, ಊರಿಗೂ ಗೊತ್ತಿರಲಿಲ್ಲ. ಅವಳಿಗೊಬ್ಬಳಿಗೇ ಗೊತ್ತಿತ್ತು. ಡಿಮ್ಮರಪ್ಪ ಬಲು ಅಚ್ಚುಕಟ್ಟು. ಯಾವುದಾದರೂ ಚಾನೆಲ್ ಹನ್ನೆರಡು ದಿನ ಸೊನ್ನೆಯಲ್ಲೇ ಇದ್ದರೆ ಅದು ಖಾಲಿ ಅಂತ ತಿಳಿದು, ಒಂದು ಸಲ ಕೇಳಿ, ಅಳಿಸಿಬಿಡುತ್ತಿದ್ದ. ಹಿಂದೆ ನಾಟಕದ ಮರದ ಕುದುರೆ ಹಾಗೇ ಹೋಗಿತ್ತು. ಅಳಿಸಿದ ಮೇಲೆ ಊರೆಲ್ಲಾ ತಡಕಿದರೂ ಕುದುರೆಯ ಬಾಲವೂ ಸಿಗಲಿಲ್ಲ. ಹನ್ನೆರಡು ದಿನದೊಳಗೆ ಮೊಮ್ಮಗಳಿಗೆ ಒಂದು ಮಟ್ಟ ಸಿಗದಿದ್ದರೆ ಅವಳೂ ಹಾಗೇ.

ಮೂರನೇ ದಿನ ಸಿಂಗಾರಮ್ಮ ಕೇಳಿದಳು. "ಅರ್ಧ ಕೊಡೋಕಾಗುತ್ತಾ? ಒಂದಕ್ಕೂ ಸೊನ್ನೆಗೂ ಮಧ್ಯೆ?"

"ಅರ್ಧ ಅನ್ನೋದು ನನಗೆ ಗೊತ್ತಿಲ್ಲ. ಅರ್ಧ ಮಗು ಆಗಿದ್ರೆ ಹೇಳಿ, ನೋಡೋಣ."

ಐದನೇ ದಿನ ಕೇಳಿದಳು. "ನನ್ನ ಒಂದನ್ನ ಅವಳಿಗೆ ಕೊಟ್ಟುಬಿಡು. ನಾನು ಸೊನ್ನೆಯಾಗ್ತೀನಿ. ಸಂತೋಷವಾಗಿ ಆಗ್ತೀನಿ."

"ನಿಜಕ್ಕೂನಾ? ನೀವು ಸೊನ್ನೆಯಾದ್ರೆ ನಿಮ್ಮ ಬೆರಳು ನನಗೆ ಕಾಣಲ್ಲ. ಬೆರಳು ಕಾಣದೆ ನಾನು ಯಾರ ಮಾತು ಕೇಳಲಿ? ಊರೇ ಕತ್ತಲಾಗುತ್ತೆ. ಮಗೂನೂ ಸೇರಿ."

ಸಿಂಗಾರಮ್ಮ ಕೀಬೋರ್ಡಿನ ಮೇಲೆ ತಲೆ ಇಟ್ಟು ಅತ್ತಳು. ಕಣ್ಣೀರು ಬಿದ್ದು ನಾಲ್ಕು ಕೀಲಿ ಒದ್ದೆಯಾಯಿತು. ಡಿಮ್ಮರಪ್ಪನಿಗೆ ಕಸಿವಿಸಿ ಆಯಿತು. ಎಷ್ಟಾದರೂ ಅವಳವ್ವನ ಕಾಲದಿಂದ ಜೊತೆಗಿದ್ದವನು.

"ಅಳಬೇಡಿ, ಒಳಗೆ ನೀರು ಹೋಗುತ್ತೆ. ಒಂದು ಗುಟ್ಟು ಹೇಳ್ಲಾ?"

"ಹೇಳಪ್ಪ."

"ನಿಜಕ್ಕೂನಾ?"

"ಥೂ ನಿನ್ನ! ಹೌದು, ಹೇಳು!"

"ನಾನು ಒಳಗೊಳಗೇ ಎಣಿಸೋದು ನೂರರವರೆಗೆ ಅಲ್ಲ. ಇನ್ನೂರ ಐವತ್ತೈದರವರೆಗೆ. ನೂರು ಅನ್ನೋದು ಸುಮ್ನೆ ನಿಮ್ಮ ಕಣ್ಣಿಗೆ ಸುಲಭವಾಗ್ಲಿ ಅಂತ."

ಇನ್ನೂರ ಐವತ್ತೈದು! ಅಂದರೆ ನೂರ ಐವತ್ತೈದು ಮಟ್ಟ ಕೊಳೆಯುತ್ತಾ ಬಿದ್ದಿದೆ! ಸಿಂಗಾರಮ್ಮ ಚಪ್ಪಲಿಯನ್ನೂ ಮೆಟ್ಟದೆ ಅರಮನೆಗೆ ಓಡಿದಳು. ರಾಜನಿಗೆ ಹೇಳಿದಳು. ತಪ್ಪು ಮಾಡಿದಳು, ನನ್ನನ್ನು ಕೇಳಿದ್ದರೆ ಹೇಳಬೇಡ ಅಂತಿದ್ದೆ. ಆದರೆ ಹೊಸ ಮಟ್ಟ ಕೊಡುವ ಹಕ್ಕು ರಾಜನದಲ್ಲವಾ, ಅವಳಾದರೂ ಏನು ಮಾಡಿಯಾಳು.

"ಅಯ್ಯಯ್ಯೋ, ಇಷ್ಟು ದಿನ ನಾನು ಅರ್ಧವೂ ಉರೀತಿರಲಿಲ್ವಾ!" ಅಂತ ರಾಜ ಎದೆ ಬಡಿದುಕೊಂಡ. ಇನ್ನೂರ ಐವತ್ತೈದಕ್ಕೆ ಹಾರಿ ಕೂತ. ಮಂತ್ರಿ ಇನ್ನೂರ ಐವತ್ತನಾಲ್ಕಕ್ಕೆ ಹಾರಿದ. ಬಿಟ್ಟುಬಂದ ಹಳೇ ನೂರನ್ನು ರಾಜ ಮಲಗುವಾಗ ಹಾಕಿಕೊಳ್ಳೋಕೆ ಬೇಕು ಅಂತ ಇಟ್ಟುಕೊಂಡ. ಮಂತ್ರಿಯೂ ತನ್ನ ಹಳೇ ತೊಂಬತ್ತೊಂಬತ್ತನ್ನು ಮನೇಲಿರಲಿ ಅಂತ ಇಟ್ಟುಕೊಂಡ. ಮಿಕ್ಕದ್ದನ್ನು ಎಂಟನೇ ದಿನ ಅರಮನೆಯ ಮುಂದೆ ಹಂಚುವುದು ಅಂತಾಯಿತು. ನಿಯಮ ಒಂದೇ. ಬೇಕಾದವರು ಸಾಲಿನಲ್ಲಿ ಬಂದು ಮುಖ ತೋರಿಸಬೇಕು.

ಸುಗುಣಿ ಎಲ್ಲರಿಗಿಂತ ಮೊದಲು ಹೋಗಿ ನಿಂತಳು. ಎರಡೂ ಕೈ ಮುಂದೆ ಚಾಚಿದಳು. ಮಂತ್ರಿ ಅಣ್ಣಾಜಪ್ಪ ಬಗ್ಗಿ ನೋಡಿದ.

"ಎಲ್ಲಮ್ಮಾ ಮಗು?"

"ಇಲ್ಲೇ ಇದೆ, ಸ್ವಾಮಿ. ಕೈಯಲ್ಲೇ ಇದೆ."

"ಮುಖ ಕಾಣ್ತಿಲ್ಲ."

"ಮಟ್ಟ ಕೊಟ್ರೆ ಕಾಣುತ್ತೆ, ಸ್ವಾಮಿ."

"ಮುಖ ಕಂಡ್ರೆ ಮಟ್ಟ ಕೊಡ್ತೀವಿ."

"ಮಟ್ಟ ಇಲ್ದೆ ಮುಖ ಹೇಗೆ ಕಾಣುತ್ತೆ, ಸ್ವಾಮಿ?"

"ಮುಖ ಇಲ್ದೆ ಮಟ್ಟ ಹೇಗಮ್ಮಾ ಕೊಡೋದು? ನಾಳೆ ಯಾರು ಬೇಕಾದ್ರೂ ಖಾಲಿ ಕೈ ಚಾಚ್ಕೊಂಡು ಬರ್ತಾರೆ. ಪಕ್ಕಕ್ಕೆ ನಿಲ್ಲು. ಮುಂದಿನವರು!"

ಮುಂದಿನವರು ಅಂದರೆ 'ಮ್ಯಾಂ' ಅಂತು. ಅದು ಕ್ಷೌರದವನ ಮೇಕೆ. ಮುಖ ತೋರಿಸಿತು, ಗಡ್ಡವನ್ನೂ ತೋರಿಸಿತು, ನೂರ ಎಪ್ಪತ್ತು ತೆಗೆದುಕೊಂಡು ಹೋಯಿತು. ಅಡುಗೆಯವನು ಸೌಟಿಗೆ ಒಂದು ಮಟ್ಟ ಇಸಿದುಕೊಂಡ. ಮಂತ್ರಿ ತನ್ನ ಮೀಸೆಗೇ ಬೇರೆಯಾಗಿ ಇಪ್ಪತ್ತು ಹೊಡೆದುಕೊಂಡ. ಒಂದೊಂದು ಕೂದಲಿಗೆ ಒಂದೊಂದು ಚಾನೆಲ್ಲಂತೆ, ಮುಂಡಾಮೋಚ್ತು! ಮಧ್ಯಾಹ್ನದ ಊಟದ ಹೊತ್ತಿಗೆ ನೂರ ಐವತ್ತೈದೂ ಖಾಲಿ. ಸುಗುಣಿ ಚಾಚಿದ ಕೈ ಚಾಚಿಕೊಂಡೇ ಮನೆಗೆ ಬಂದಳು. ಕೈಯೊಳಗಿದ್ದ ಮಗು ಏನೂ ಗೊತ್ತಿಲ್ಲದೆ ಬೆರಳು ಚೀಪುತ್ತಿತ್ತು, ಚಪ್ ಚಪ್ ಅಂತ ಸದ್ದು ಬರುತ್ತಿತ್ತು.

ಹನ್ನೆರಡನೇ ದಿನ ಬಂತು. ನಾಮಕರಣ. ಹೆಸರಾದರೂ ಇಟ್ಟು ಕಳಿಸೋಣ ಅಂತ ಸಿಂಗಾರಮ್ಮ ಮನಸ್ಸು ಕಲ್ಲು ಮಾಡಿಕೊಂಡಳು. ತೊಟ್ಟಿಲನ್ನು ಡಿಮ್ಮರಪ್ಪನ ಎದುರೇ ಕಟ್ಟಿಸಿದಳು, ಅಳಿಸುವ ಪ್ರಶ್ನೆ ಯಾವ ಗಳಿಗೆಯಲ್ಲಿ ಬರುತ್ತೋ ಅಂತ ಅವತ್ತು ಸ್ಟೂಲು ಬಿಟ್ಟು ಅವಳು ಏಳುವ ಹಾಗಿರಲಿಲ್ಲವಲ್ಲ. ಊರಿಗೆ ಊರೇ ತಗಡು ಸದ್ದು ಮಾಡುತ್ತಾ ಬಂತು. ಯಾವ ಮನೆಯ ನಾಮಕರಣವಾದರೂ ರಾಜ ಬಂದು ಹೂಂ ಅನ್ನುವುದು ಆ ಊರಿನ ಪದ್ಧತಿ. ಹಾಗಾಗಿ ಉಬ್ಬರಸನೂ ಬಂದ. ಅವನ ತಗಡು ಎಲ್ಲರಿಗಿಂತ ದೊಡ್ಡದು, ಬಾಗಿಲಿನ ಅಗಲ. ತೊಟ್ಟಿಲ ಪಕ್ಕ ಪೀಠ ಹಾಕಿಸಿಕೊಂಡು ಕೂತ. ಇನ್ನೊಂದು ಪಕ್ಕ ಮಂತ್ರಿ.

ಹೆಸರು ಕಿವಿಯಲ್ಲಿ ಉಸುರಬೇಕಾದವಳು ಸೋದರತ್ತೆ ಕಾಳಿಂಗಮ್ಮ. ಮಲ್ಲಿಗೆ ಅಂತ ಹೆಸರು ಗೊತ್ತುಮಾಡಿದ್ದರು. ಕಾಣದ ಮಗುವಿನ ಕಿವಿ ಎಲ್ಲಿ ಅಂತ ಹುಡುಕೋದು? ಕಾಳಿಂಗಮ್ಮ ಕಣ್ಣು ಮುಚ್ಚಿಕೊಂಡು ತಡಕಿದಳು, ತಡಕಿದಳು, ಒಂದು ಕಿವಿ ಸಿಕ್ಕಿತು. ಬಾಯಿಟ್ಟು "ಮಲ್ಲಿಗೆ, ಮಲ್ಲಿಗೆ, ಮಲ್ಲಿಗೆ," ಅಂದಳು. ಆಮೇಲೆ ಗಾಬರಿಯಾಗಿ ಕೂಗಿದಳು.

"ಅಯ್ಯೋ, ಮಗೂಗೆ ಕಿವಿ ತುಂಬಾ ಕೂದಲು ಕಣ್ರೇ!"

ಅದು ಮಂತ್ರಿಯ ಕಿವಿ. ಮೂರು ಸಲ ಹೇಳಿದ ಮೇಲೆ ಹೆಸರು ವಾಪಸ್ಸು ಬರುತ್ತಾ? ಬರಲ್ಲ. ಮೀಸೆ ಹೊತ್ತ ಮಂತ್ರಿ ಆ ಗಳಿಗೆಯಿಂದ ಮಲ್ಲಿಗೆ ಆದ. ಮಲ್ಲಿಗೆ ಸಿಟ್ಟಿನಿಂದ ಕೆಂಪಗಾಗಿ ಕೂತ.

ಅಷ್ಟರಲ್ಲಿ ರಾಜ "ಆಂ!" ಅಂತ ಕಿರುಚಿದ.

"ಯಾರದು? ಯಾರದು ನನ್ನ ಮೀಸೆ ಎಳೀತಿರೋದು?"

ಯಾರೂ ಕಾಣಲಿಲ್ಲ. ತಗಡಿನ ಸಂದಿಯಿಂದ ಆಚೆ ಚಾಚಿದ್ದ ಮೀಸೆ ಮಾತ್ರ ತೊಟ್ಟಿಲ ಕಡೆಗೆ ನೆಟ್ಟಗೆ ನಿಂತಿತ್ತು. ಯಾರೋ ಎಳೆದು, ಬಿಟ್ಟು, ಮತ್ತೆ ಎಳೆದ ಹಾಗಾಗುತ್ತಿತ್ತು.

"ಬುದ್ಧಿ, ಮಗು," ಅಂದಳು ಸಿಂಗಾರಮ್ಮ.

"ಮಗುವಾದ್ರೇನು, ರಾಜನ ಮೀಸೆಗೆ ಕೈ ಹಾಕಿದ ಅಪರಾಧಿ! ನಾನು ನೋಡ್ಬೇಕು. ಶಿಕ್ಷೆ ಕೊಡ್ಬೇಕಾದ್ರೆ ಮುಖ ನೋಡ್ಬೇಕು. ತಗೊಂಡು ಬನ್ನಿ ಬೆಳಕು!"

ಯಾರ ಬೆಳಕು ತರೋದು? ಎಲ್ಲರಿಗಿಂತ ದೊಡ್ಡ ಬೆಳಕು ಅವನೇ. ರಾಜ ಹಿಂದೆ ಮುಂದೆ ಯೋಚಿಸಲಿಲ್ಲ. ಮುಂದಿನ ತಗಡನ್ನು ಕಿತ್ತು ಬಿಸಾಡಿದ. ತೊಟ್ಟಿಲೊಳಕ್ಕೆ ಮುಖ ಇಟ್ಟ.

ಇನ್ನೂರ ಐವತ್ತೈದು ಮಟ್ಟದ ಬೆಳಕು ತೊಟ್ಟಿಲ ಒಳಗೆ ಸುರಿಯಿತು.

ಹನ್ನೆರಡು ದಿನದ ಮಗು. ಗುಂಡು ಗುಂಡು ಕೆನ್ನೆ. ತಲೆಯಲ್ಲಿ ನಾಲ್ಕೇ ಕೂದಲು. ಹುಟ್ಟಿದಾಗಿನಿಂದ ಕತ್ತಲು ಬಿಟ್ಟು ಏನೂ ಕಂಡಿರದ ಮಗು ಕಣ್ಣು ಪಿಳಿಪಿಳಿ ಮಾಡಿತು. ಎದುರಿಗೆ ಒಂದು ದೊಡ್ಡ ಮುಖ, ದೊಡ್ಡ ಮೂಗು, ಎಡಗಡೆಗೆ ಎಳೆದ ಮೀಸೆ. ಮಗು ನೋಡಿತು. ಬೊಚ್ಚು ಬಾಯಿ ಬಿಟ್ಟು ನಕ್ಕಿತು. ಹನ್ನೆರಡು ದಿನಕ್ಕೆ ಮಗು ನಗುತ್ತಾ ಅಂತ ಕೇಳುವವರು ಎದ್ದು ಹೋಗಿ ಹೊರಗೆ ಕೂತ್ಕೊಳ್ಳಿ.

ಉಬ್ಬರಸನನ್ನು ಎಲ್ಲರೂ ನೋಡುತ್ತಿದ್ದರು, ದಿನಾ ನೋಡುತ್ತಿದ್ದರು. ನೋಡಿ ನಕ್ಕವರು ಯಾರೂ ಇರಲಿಲ್ಲ. ರಾಜ ತೊಟ್ಟಿಲೊಳಗಿಂದಲೇ ಕೂಗಿದ.

"ನಕ್ಕಳು! ನನ್ನ ನೋಡಿ ನಕ್ಕಳು! ನೋಡಿದ್ರಾ?"

"ಇಲ್ಲ, ಬುದ್ಧಿ," ಅಂತು ಊರು. "ತಗಡು ಅಡ್ಡ ಇದೆ, ನಮ್ಮ ಬೆಳಕು ಅಲ್ಲೀವರೆಗೂ ಬರಲ್ಲ."

"ತೆಗೀರೋ ತಗಡನ್ನ! ಎಲ್ರೂ ತೆಗೀರಿ! ಬಂದು ನೋಡ್ರೋ!"

ಢಣ ಢಣ ಢಣ! ನೂರು ಜನರ ತಗಡು ಹಲಗೆಯ ಮೇಲೆ ಬಿದ್ದವು. ಸುಗುಣಿ ಎಲ್ಲರನ್ನೂ ನೂಕಿಕೊಂಡು ಬಂದು ಮಗಳ ಮುಖ ನೋಡಿದಳು. ನೋಡಿದವಳೇ ಮಗುವನ್ನು ಎತ್ತಿ ಕೆನ್ನೆಗೆ ಕೆನ್ನೆ ಇಟ್ಟುಕೊಂಡಳು. ಟಣ್ ಅನ್ನಲಿಲ್ಲ. ಕ್ಷೌರದವನು ಬಂದ, ಮದ್ದಳೆಯವನು ಬಂದ, ಅವಳಿಜವಳಿ ಅಣ್ಣತಮ್ಮಂದಿರು ಒಬ್ಬರ ಹೆಗಲ ಮೇಲೊಬ್ಬರು ಕೈ ಹಾಕಿಕೊಂಡು ಬಗ್ಗಿ ನೋಡಿದರು. ಮೇಕೆಯೂ ನೋಡಿತು. ಎಲ್ಲರ ಬೆಳಕೂ ಎಲ್ಲರ ಮೇಲೂ ಸೋರಿತು. ಯಾರದು ಎಷ್ಟು ಅಂತ ಹೇಳೋಕೆ ಬರಲಿಲ್ಲ. ಊರಿಗೆ ಊರೇ ಹಬ್ಬದ ಮನೆಯ ಹಾಗೆ ಬೆಳಗಿತು. ಸ್ಟೂಲಿನ ಮೇಲೆ ಕೂತ ಸಿಂಗಾರಮ್ಮನೂ ಮೊದಲ ಸಲ ಕಂಡಳು. ಅವಳ ಸೀರೆ ಹಸಿರು ಅಂತ ಆವತ್ತೇ ಊರಿಗೆ ಗೊತ್ತಾದದ್ದು.

ಡಿಮ್ಮರಪ್ಪನಿಗೆ ಮಾತ್ರ ತಲೆ ಕೆಟ್ಟುಹೋಯಿತು.

"ಮಹಾರಾಜರು ಸೋರಿದ್ದಾರೆ! ಸೊನ್ನೆ ಮಾಡ್ಲಾ? ನಿಜಕ್ಕೂನಾ? ಮಂತ್ರಿಗಳು ಸೋರಿದ್ದಾರೆ! ಸೊನ್ನೆ ಮಾಡ್ಲಾ? ನಿಜಕ್ಕೂನಾ? ಸುಗುಣಿ ಸೋರಿದ್ದಾಳೆ! ಕ್ಷೌರದವರು ಸೋರಿದ್ದಾರೆ!"

ಒಂದು ಪ್ರಶ್ನೆಯ ಮೇಲೆ ಇನ್ನೊಂದು ಪ್ರಶ್ನೆ ಪರದೆಯ ಮೇಲೆ ಬಂದು ಬಿತ್ತು. ಬೆರಣಿ ಒಟ್ಟಿದ ಹಾಗೆ ನೂರು ಪ್ರಶ್ನೆ ಒಟ್ಟಿಕೊಂಡವು. ಒಂದಕ್ಕೆ ಉತ್ತರ ಕೊಡದೆ ಅದರ ಕೆಳಗಿನದು ಕಾಣದು.

"ಬುದ್ಧಿ, ಏನು ಹೇಳಲಿ? ತಮ್ಮದೇ ಕಾನೂನು," ಅಂದಳು ಸಿಂಗಾರಮ್ಮ.

"ಹೌದು ಅಂದುಬಿಡಮ್ಮಾ, ಕಾನೂನು ಅಂದ್ರೆ ಕಾನೂನು," ಅಂದ ಮಂತ್ರಿ. ರಾಜ ಸೊನ್ನೆಯಾದರೆ ಆಮೇಲೆ ತಾನೇ ದೊಡ್ಡವನು ಅಂತ ಅವನ ಲೆಕ್ಕ.

"ಬಾಯ್ಮುಚ್ಚು ಮಲ್ಲಿಗೆ!" ಅಂದ ರಾಜ. "ನಾನು ಸೊನ್ನೆಯಾದ್ರೆ ಈ ಮಗು ಯಾರನ್ನ ನೋಡಿ ನಗುತ್ತೆ? ಬೇಡ ಅನ್ನು, ಸಿಂಗಾರಮ್ಮಾ. ಎಲ್ಲದಕ್ಕೂ ಬೇಡ ಅನ್ನು. ನನ್ನ ಅಪ್ಪಣೆ!"

ಸಿಂಗಾರಮ್ಮನ ಬೆಣ್ಣೆ ಬೆರಳು ಓಡಿತು ನೋಡಿ! ಬೇಡ. ಬೇಡ. ಬೇಡ. ಬೇಡ. ಊರೆಲ್ಲಾ ಅವಳ ಜೊತೆ ಎಣಿಸಿತು. ಹತ್ತು ಬೇಡ, ಇಪ್ಪತ್ತು ಬೇಡ, ಐವತ್ತು ಬೇಡ. ಮಗು ಈ ಮಡಿಲಿಂದ ಆ ಮಡಿಲಿಗೆ, ಆ ಮಡಿಲಿಂದ ಇನ್ನೊಂದು ಮಡಿಲಿಗೆ ಹೋಗುತ್ತಾ ಹೋಗುತ್ತಾ ಕೊನೆಗೆ ರಾಜನ ಮಡಿಲಿಗೆ ಬಂತು. ತೊಂಬತ್ತು ಬೇಡ, ತೊಂಬತ್ತೊಂಬತ್ತು ಬೇಡ, ನೂರು ಬೇಡ!

ಎಲ್ಲಕ್ಕಿಂತ ಕೆಳಗೆ ಇನ್ನೊಂದು ಪ್ರಶ್ನೆ ಇತ್ತು.

"ನೂರೊಂದನೇ ಚಾನೆಲ್ ಹನ್ನೆರಡು ದಿನದಿಂದ ಸೊನ್ನೆ," ಅಂದ ಡಿಮ್ಮರಪ್ಪ. "ಖಾಲಿ ಅಂತ ಕಾಣುತ್ತೆ. ಅಳಿಸಿಬಿಡ್ಲಾ? ನಿಜಕ್ಕೂನಾ? ಹೌದಾ, ಬೇಡ್ವಾ?"

ಮರದ ಕುದುರೆ ಎಲ್ಲಿಗೆ ಹೋಗಿತ್ತು ಅಂತ ಎಲ್ಲರಿಗೂ ಈಗ ಹೊಳೆಯಿತು. ಸುಗುಣಿ ಸ್ಟೂಲಿನ ಹತ್ತಿರ ಓಡಿದಳು. "ಬೇಡ ಅನ್ನು, ಅವ್ವಾ!" ಅಂದಳು. "ಬೇಡ ಅನ್ನು, ಇದೂ ಅಪ್ಪಣೆಯೇ!" ಅಂದ ರಾಜ. "ಬೇಡ ಅನ್ನಮ್ಮಾ!" ಅಂತು ಊರು.

ಸಿಂಗಾರಮ್ಮನ ಬೆರಳು 'ಬೇಡ'ದ ಮೇಲೇ ಇತ್ತು. ಹನ್ನೆರಡು ದಿನ ಅವಳು ಇದೇ ಪ್ರಶ್ನೆಗೆ ಹೆದರಿ ಅನ್ನ ಬಿಟ್ಟಿದ್ದಳು. ಈಗ ಅನ್ನಬೇಕು ಅಂತ ಬಾಯಿ ತೆರೆದವಳು, ಒಂದು ಸಲ ತಿರುಗಿ ಮಗುವನ್ನು ನೋಡಿದಳು. ಮಗು ರಾಜನ ಮಡಿಲಲ್ಲಿ ಅಂಗಾತ ಮಲಗಿ ಕಾಲು ಆಡಿಸುತ್ತಿತ್ತು. ಹೆಬ್ಬೆರಳಿನ ಉಗುರೂ ಕಾಣುತ್ತಿತ್ತು. ಅವಳಿಗೆ ಈಗಲೂ ಮಟ್ಟ ಸೊನ್ನೆಯೇ! ಸೊನ್ನೆಯ ಮಗು ನೂರು ಜನರ ಕಣ್ಣಿಗೆ ಕಾಣುತ್ತಿತ್ತು. ಸಿಂಗಾರಮ್ಮನಿಗೆ ನಗು ಬಂತು. ನಲವತ್ತು ವರ್ಷ ಸ್ಟೂಲಿನ ಮೇಲೆ ಕೂತವಳಿಗೆ ಇಷ್ಟು ಜೋರಾಗಿ ನಗು ಬಂದದ್ದು ಅದೇ ಮೊದಲು.

"ಹೌದು," ಅಂದಳು.

"ಅವ್ವಾ!"

"ಹೌದು ಕಣೇ. ಅಳಿಸಲಿ. ನೂರು ಜನ ಕಣ್ತುಂಬಾ ನೋಡ್ತಿರೋ ಮಗೂನ ಯಾವನು ಅಳಿಸ್ತಾನೆ, ನಾನೂ ನೋಡ್ತೀನಿ."

"ಅಳಿಸಿದೆ," ಅಂದ ಡಿಮ್ಮರಪ್ಪ.

ಮಗುವಿನ ಎಡಗಿವಿಯ ತಂತಿ ಕಳಚಿ ಬಿತ್ತು. ಊರೆಲ್ಲಾ ರಾಜನ ಮಡಿಲು ನೋಡಿತು. ರಾಜ ಕಣ್ಣು ಮುಚ್ಚಿಕೊಂಡಿದ್ದ. ಒಂದು ಗಳಿಗೆ ಏನೂ ಆಗಲಿಲ್ಲ. ಆಮೇಲೆ ಅವನ ಜರತಾರಿ ಪಂಚೆಯ ಮೇಲೆ ಬಿಸಿ ಬಿಸಿಯಾಗಿ ಒಂದು ಹೊಳೆ ಹರಿಯಿತು.

ಉಬ್ಬರಸ ಕಣ್ಣು ಬಿಟ್ಟ. ಪೂರಾ ಒದ್ದೆ. "ಇದ್ದಾಳೆ!" ಅಂತ ಕುಣಿದಾಡಿದ. "ಇದ್ದಾಳೆ ಕಣ್ರೋ! ಇಲ್ಲದ ಮಗು ಹೀಗೆ ಒದ್ದೆ ಮಾಡುತ್ತಾ? ಮುಟ್ಟಿ ನೋಡ್ರೋ ನನ್ನ ಪಂಚೆ!" ಊರಿನವರೆಲ್ಲಾ ಒಬ್ಬೊಬ್ಬರಾಗಿ ಬಂದು ರಾಜನ ಪಂಚೆ ಮುಟ್ಟಿ ನೋಡಿ ಹೌದು ಹೌದು ಅಂದರು. ಕಾಳಿಂಗಮ್ಮ ಈ ಸಲ ಸರಿಯಾದ ಕಿವಿ ಹಿಡಿದು ಹೊನ್ನಿ ಅಂತ ಮೂರು ಸಲ ಹೇಳಿದಳು.

ಡಿಮ್ಮರಪ್ಪ ಮಾತ್ರ ಲೆಕ್ಕ ಹಾಕುತ್ತಲೇ ಇದ್ದ. "ಚಾನೆಲ್ ಇಲ್ಲ. ತಂತಿ ಇಲ್ಲ. ಮಟ್ಟ ಇಲ್ಲ. ಆದರೂ ಮಗು ಕಾಣ್ತಿದೆ. ಸಿಂಗಾರಮ್ನೋರೇ, ನಿಜಕ್ಕೂನಾ?"

"ನಿಜಕ್ಕೂ ಕಣಪ್ಪ," ಅಂದಳು ಸಿಂಗಾರಮ್ಮ. ಸ್ಟೂಲಿನಿಂದ ಎದ್ದಳು. ಹೋಗಿ ಮೊಮ್ಮಗಳನ್ನು ಎತ್ತಿಕೊಂಡಳು.

ಇಲ್ಲಿಗೆ ಕತೆಯ ಗುಂಡಿ ಕೆಳಗಿಳಿಯಿತು. ನೀತಿ ಏನು ಅಂತ ಕೇಳುವವರಿಗೆ ನೀತಿ ಇಷ್ಟೇ. ರಾಜನ ಪಕ್ಕ ತೊಟ್ಟಿಲು ಕಟ್ಟುವುದಾದರೆ ಪಂಚೆ ಎರಡು ಜೊತೆ ಇಟ್ಟುಕೊಳ್ಳಬೇಕು. ಕೇಳಿದವರ ಕಿವಿ ತಂಪಾಗಲಿ, ಹೇಳಿದ ನನ್ನ ಗಂಟಲಿಗೆ ಯಾರಾದರೂ ಒಂದು ಲೋಟ ಕಾಫಿ ತನ್ನಿ. ಬಿಸಿ ಇರಲಿ, ಸಕ್ಕರೆ ಕಮ್ಮಿ.